ಹಿಂದಿನ ಜನ್ಮದ ನೆನಪು

ತೀರ್ಥಹಳ್ಳಿ, ಆಷಾಢ, ಭಟ್ರ ಮನೆ ಜಗಲಿ. ಅಡಿಕೆ ಲೆಕ್ಕದ ಹಳೇ ಕಂಪ್ಯೂಟರ್ ಮತ್ತೆ ಮಲಗಿದೆ.

"ಆಫ್ ಮಾಡಿ ಆನ್ ಮಾಡಿ, ಸರಿಹೋಗತ್ತೆ," ಅಂದ ಸೀನ.

"ಥೋ ಮಾರಾಯ!" ಗೌಡ್ರಿಗೆ ರೇಗಿತು. ಅದರೊಳಗೆ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಕೂರಿಸಿದವರು ಅವರೇ. "ಊರಿಗೆಲ್ಲ ಇದೊಂದೇ ಮದ್ದು. ಪರದೆ ತುಂಬ ಅಕ್ಷರ ಬಂದಿದೆ, ಯಾರಾದ್ರೂ ಓದಿದ್ರಾ? ಸಾಯೋ ಪ್ರಾಣಿ ಏನೋ ಹೇಳ್ತಿದೆ. ನೀನು ಕುತ್ತಿಗೆ ಹಿಸುಕಿ, ಮತ್ತೆ ಹುಟ್ಟಿ ಬಾ ಅಂತೀಯ. ಹುಟ್ಟಿದ್ದಕ್ಕೆ ಹಿಂದಿನ ಜನ್ಮದ ನೆನಪಿರತ್ತಾ?"

"ಡಿಸ್ಕಲ್ಲಿ ಬರ್ಕೊಂಡಿರತ್ತೆ ಬಿಡಿ."

"ಲಿನಕ್ಸಿನ ತಿರುಳು ಆ ಕರ್ನಲ್ಲೇ ಪ್ಯಾನಿಕ್ ಆಗಿ ಕೈಚೆಲ್ಲಿ ನಿಂತ್ಮೇಲೆ ಡಿಸ್ಕ್ ಮುಟ್ಟಿಸೋದಾ? ತಲೆಕೆಟ್ಟವನ ಕೈಲಿ ಪಹಣಿ ತಿದ್ದಿಸಿದ ಹಾಗೆ! ಅದಕ್ಕೇ ರ‍್ಯಾಮಿನ ಅಂದ್ರೆ ಮೆಮೊರಿಯ ಒಂದು ಮೂಲೆ ಕಾದಿಟ್ಟು ಅಲ್ಲಿ ಬರೆಸ್ತಾರೆ. ರ‍್ಯಾಮೂಪ್ಸ್ ಅಂತ. ಎದ್ದ ಮೇಲೆ ಪಿಸ್ಟೋರ್ ಅನ್ನೋ ಫೋಲ್ಡರಲ್ಲಿ ಓದ್ಕೋಬಹುದು. ಕರೆಂಟ್ ಮಾತ್ರ ಹೋಗ್ಬಾರ್ದು. ರ‍್ಯಾಮು ಹಸಿಗೂಸು, 64 ಮಿಲಿಸೆಕೆಂಡಿನೊಳಗೆ ಒಂದು ಸುತ್ತು ಉಣ್ಣಿಸ್ತಾ ಇರಬೇಕು."

"ಕರೆಂಟ್ ಹೋಗ್ಬಾರ್ದಾ? ಆಷಾಢದಲ್ಲಿ?" ಭಟ್ರು ಹಲಸಿನ ಹಪ್ಪಳ ಮುರಿದರು.

"ಇದ್ರೂ ಕಷ್ಟವೇ. ಈ ಮುದಿ ಪೆಟ್ಟಿಗೇಲಿ ಎಲ್ಲಕ್ಕಿಂತ ಮೊದಲು ಏಳೋ ಪ್ರೋಗ್ರಾಂ ಬಯಾಸ್, ಎದ್ದ ಕೂಡ್ಲೆ ಮೆಮೊರಿ ಎಣಿಸಕ್ಕೆ ಕೂರತ್ತೆ. ಎಣಿಸ್ತಾ ಎಣಿಸ್ತಾ ಒರೆಸ್ಕೊಂಡು ಹೋಗತ್ತೆ, ಸೂತಕದ ಮನೆ ನೆಲ ಸಾರಿಸಿದ ಹಾಗೆ."

"ಹೊಸದು ತಗೊಳ್ಳಿ ಮತ್ತೆ," ಅಂದ ಸೀನ. "2024ರಲ್ಲಿ ಬಂದ ಲಿನಕ್ಸ್ 6.12ರಲ್ಲಿ, ಪ್ಯಾನಿಕ್ ಆದ್ರೆ ಕ್ಯೂಆರ್ ಕೋಡ್ ತೋರಿಸೋ ಏರ್ಪಾಡೇ ಇದೆ."

"ಯಾಕೆ, ತಿಥಿ ಖರ್ಚಿಗೆ ದುಡ್ಡು ಹಾಕಕ್ಕಾ? ಹೊಸದಕ್ಕೆ ಸೀರಿಯಲ್ ಪೋರ್ಟ್ ಎಲ್ಲಿದೆ? ಇದರ ಬೆನ್ನಲ್ಲಿ ಒಂಬತ್ತು ಪಿನ್ನಿಂದು ಇನ್ನೂ ಇದೆ. ತಂತಿ ಎಳೆದು ಪಕ್ಕದಲ್ಲಿ ಇನ್ನೊಂದು ಕಂಪ್ಯೂಟರ್ ಕೂರಿಸಿದ್ರೆ, ಇದು ಗೊಣಗಿದ್ದನ್ನೆಲ್ಲ ಅದು ಬರ್ಕೊಳ್ಳತ್ತೆ."

"ಕ್ಯಾಪ್ಸ್ ಲಾಕ್ ದೀಪ ಬೇರೆ ಮಿಣುಕ್ತಿದೆ," ಅಂದರು ಭಟ್ರು. "ಕೀಬೋರ್ಡೂ ಕೆಡ್ತು ಅಂತ ಎರಡು ತಟ್ಟಿದೆ."

"ಅಯ್ಯೋ, ಅದು ಕರೆಯೋದು ಭಟ್ರೇ! ಗುಂಡು ಪಿನ್ನಿನ ಹಳೇ ಕೀಬೋರ್ಡಿಗೆ ಮಾತ್ರ ಆ ಬುದ್ಧಿ. ಯುಎಸ್‌ಬಿಯದಾಗಿದ್ರೆ ಸುಮ್ನೆ ಇರ್ತಿತ್ತು."

ಭಟ್ರು ಕಷಾಯದ ಲೋಟ ಕೆಳಗಿಟ್ಟರು. "ಅಪ್ಪಯ್ಯ ಹೋಗೋವಾಗ ಬೆರಳು ಹಿಂಗೇ ಆಡಿಸ್ತಿದ್ರು. ನೀರಿಗೆ ಅಂದ್ಕೊಂಡು ಬಾಯಿಗೆ ನೀರು ಬಿಟ್ಟೆ."

ಹಂಚಿನ ಮೇಲೆ ಮಳೆ ಜೋರಾಯಿತು. ಗೌಡ್ರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಗಿ, ಒಳಗೆ ಯುಪಿಎಸ್ ಕೀಂ ಕೀಂ ಅನ್ನತೊಡಗಿತು.

"ಸೀನ, ಓಡು. ಹತ್ತು ನಿಮಿಷ ತಡ್ಯತ್ತೆ, ಅಷ್ಟರೊಳಗೆ ಬರ್ಕೋ."

"ಗೌಡ್ರೇ, ಮೊಬೈಲಲ್ಲಿ ಫೋಟೋ ಹೊಡ್ಕೊಂಡ್ರೆ ಆಗಲ್ವಾ?"