ಬ್ರೆಡ್ ಲೈನಿಗೆ ಓಡುವ ಈಕೋಗೆ ಯಾವ ಆಯಿಲ್? 20ಡಬ್ಲ್ಯು-50 ಹಾಕ್ಬಹುದಾ?

ಬ್ರೆಡ್‌ಗಾಡಿ (ಮಂಗಳೂರು):
ನನ್ನದು 2018ರ ಪೆಟ್ರೋಲ್ ಈಕೋ (ಮಾರುತಿ ವ್ಯಾನ್), 1.12 ಲಕ್ಷ ಕಿಲೋಮೀಟರ್ ಆಗಿದೆ. ಬೆಳಿಗ್ಗೆ ನಾಲ್ಕೂವರೆಗೆ ಬೇಕರಿಯಿಂದ ಬ್ರೆಡ್, ಬನ್, ರಸ್ಕ್ ತುಂಬಿಕೊಂಡು ಹೊರಡುತ್ತೇನೆ. ಕಂಕನಾಡಿ, ವೆಲೆನ್ಸಿಯಾ, ಜೆಪ್ಪು, ಬೋಳಾರ ಅಂತ ಸುಮಾರು ನಲವತ್ತು ಅಂಗಡಿ. ದಿನಕ್ಕೆ 60 ಕಿಲೋಮೀಟರ್ ಅಷ್ಟೇ. ಐದು ನಿಮಿಷದ ಕೆಲಸ ಅಂತ ಅಂಗಡಿ ಮುಂದೆ ಗಾಡಿ ಆಫ್ ಮಾಡುವುದಿಲ್ಲ. ಎಂಜಿನ್ ನಾಲ್ಕು ಗಂಟೆ ಓಡುತ್ತದೆ.

ಗಾಡಿ ಜೊತೆ ಬಂದ ಪುಸ್ತಕದಲ್ಲಿ 5ಡಬ್ಲ್ಯು-30 ಅಂತ ಉಂಟು (ಆಯಿಲ್ ಎಷ್ಟು ದಪ್ಪ ಅನ್ನುವ ಗ್ರೇಡ್; ಮೊದಲ ಅಂಕಿ ಚಳಿಯಲ್ಲಿ, ಎರಡನೆಯದು ಬಿಸಿ ಇದ್ದಾಗ). ಗ್ಯಾರೇಜಿನವರು "ಊರ ಸೆಕೆಗೆ ದಪ್ಪ ಆಯಿಲೇ ಬೇಕು, 20ಡಬ್ಲ್ಯು-50 ಹಾಕುವಾ" ಅಂತಾರೆ. ಆಯಿಲ್ ಅಂಗಡಿಯವರು ಫುಲ್ ಸಿಂಥೆಟಿಕ್ ಹಾಕಿ 15 ಸಾವಿರ ಕಿಲೋಮೀಟರ್ ಮರೆತುಬಿಡಿ ಅಂತಾರೆ. ನಾನು 10 ಸಾವಿರಕ್ಕೆ ಬದಲಾಯಿಸುವುದು. ಈಗ ನಾಲ್ಕು ಸಾವಿರಕ್ಕೇ ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಅಳೆಯುವ ಕಡ್ಡಿ) ಆಯಿಲ್ ಕೆಳಗಿನ ಗೆರೆಗೆ ಬಂದಿದೆ. ಜೊತೆಗೆ ಆಯಿಲ್ ಮುಚ್ಚಳ ತೆಗೆದರೆ ಒಳಗೆ ನೀರುದೋಸೆ ಹಿಟ್ಟಿನ ಹಾಗೆ ಬಿಳಿ ಲೇಪ. ಹೆಡ್ ಗ್ಯಾಸ್ಕೆಟ್ (ಎಂಜಿನ್ ತಣಿಸುವ ಕೂಲೆಂಟ್ ಆಯಿಲಿಗೆ ಸೇರದ ಹಾಗೆ ತಡೆಯುವ ಸೀಲ್) ಹೋಯ್ತಾ ಅಂತ ಹೆದರಿಕೆ.

ಕಾಪುಡ್ರೈವರ್:
ಮಾರಾಯ್ರೇ, ಮೀಟರ್ ಲೆಕ್ಕ ಇಡುವುದು ಚಕ್ರ ತಿರುಗಿದ್ದನ್ನು. ಆಯಿಲ್ ಬೇಯುವುದು ಎಂಜಿನ್ ಓಡಿದಷ್ಟು ಹೊತ್ತು. ನಾಲ್ಕು ಗಂಟೆಗೆ 60 ಅಂದ್ರೆ ಗಂಟೆಗೆ 15. ಹಾಗಾದ್ರೆ ನಿಮ್ಮ 10 ಸಾವಿರಕ್ಕೆ ಎಂಜಿನ್ ಓಡಿದ್ದು 660 ಗಂಟೆಗೂ ಜಾಸ್ತಿ. ನಾನು ಉಡುಪಿ-ಮಂಗಳೂರು ಹೈವೇಯಲ್ಲಿ ಗಂಟೆಗೆ 50ರಂತೆ ಓಡಿಸಿದ್ರೆ ಅಷ್ಟೇ ಹೊತ್ತಿಗೆ 33 ಸಾವಿರ ಆಗ್ತದೆ. ನಿಂತಲ್ಲಿ ಓಡುವಾಗ ಲೋಡ್ ಕಡಿಮೆ, ಒಪ್ಪಿದೆ. ಆದ್ರೂ 5 ಸಾವಿರಕ್ಕೆ ಬದಲಾಯಿಸಿ, ಫಿಲ್ಟರ್ ಸಮೇತ. ನಿಮಗೆ ಅದು ಸುಮಾರು ಮೂರು ತಿಂಗಳು.

ದಪ್ಪ ಆಯಿಲ್ ನಾನೂ ಒಮ್ಮೆ ಹಾಕಿಸಿದ್ದೆ, ಹಳೇ ಕಾರಿಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಎರಡು ಸೆಕೆಂಡ್ ಕಟಕಟ ಸೌಂಡ್, ಮೈಲೇಜೂ ಇಳಿಯಿತು. 30 ಅನ್ನುವುದು ಆಯಿಲ್ 100 ಡಿಗ್ರಿ ಬಿಸಿ ಇದ್ದಾಗಿನ ದಪ್ಪ. ನಮ್ಮ ಊರ ಸೆಕೆ 35 ಡಿಗ್ರಿ. ಎಂಜಿನ್ ಒಳಗಿನ ಬಿಸಿಯ ಮುಂದೆ ಅದು ಯಾವ ಲೆಕ್ಕ?

ಬಿಳಿ ಲೇಪಕ್ಕೆ ಈಗಲೇ ಹೆದರಬೇಡಿ. ಮಳೆಗಾಲ, ನಿಂತು ನಿಂತು ಓಡಾಟ. ಒಳಗಿನ ನೀರಿನ ಪಸೆ ಪೂರ್ತಿ ಆರುವಷ್ಟು ಆಯಿಲ್ ಬಿಸಿ ಆಗದೆಯೂ ಇರಬಹುದು. ಕೂಲೆಂಟ್ ಇಳಿದಿಲ್ಲ, ಡಿಪ್‌ಸ್ಟಿಕ್‌ನ ಆಯಿಲ್ ಹಾಲಿನ ಬಣ್ಣ ಆಗಿಲ್ಲ ಅಂದ್ರೆ ಒಮ್ಮೆ ಹೈವೇಯಲ್ಲಿ ನಿಲ್ಲಿಸದೆ ಮೂಲ್ಕಿವರೆಗೆ ಹೋಗಿ ಬನ್ನಿ. ಮುಚ್ಚಳ ಒರೆಸಿ ಹಾಕಿ ಮತ್ತೆ ನೋಡಿ.

ಎರಡನೇ_ಗೇರ್:
ಕಾಪು ಅಣ್ಣನ ಮಾತಿಗೆ ಸ್ವಲ್ಪ ತಕರಾರು. ಲಕ್ಷ ದಾಟಿದ ಎಂಜಿನ್ ನಿಜವಾಗಿ ಆಯಿಲ್ ಕುಡೀತಿದ್ರೆ, ಪುಸ್ತಕ ಒಪ್ಪುವುದಾದರೆ 5ಡಬ್ಲ್ಯು-40 ತಪ್ಪಲ್ಲ. ಅದಕ್ಕೆ ಮೊದಲು ಲೀಕ್ ನೋಡಿ, ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿ ಹೊರಗೆ ಬಿಡುವುದು) ನೋಡಿ. ಮತ್ತೊಂದು, ಗಾಡಿ ಎಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿದ್ದು?

ಆಯಿಲ್_ಕ್ಯಾನ್:
ಬ್ರ್ಯಾಂಡ್ ಯಾವುದಾದ್ರೂ ಇರಲಿ, ಕ್ಯಾನ್ ಮೇಲೆ ಎಪಿಐ ಎಸ್‌ಎನ್ ಅಥವಾ ಎಸ್‌ಪಿ (ಆಯಿಲ್ ಗುಣಮಟ್ಟದ ದರ್ಜೆ) ಅಂತ ಇರಬೇಕು. ಸೀಲ್ ನಿಮ್ಮ ಕಣ್ಣೆದುರೇ ಒಡೆಯಲಿ. ಖಾಲಿ ಕ್ಯಾನ್‌ಗೆ ತೂತು ಮಾಡಿ ಬಿಸಾಡಿ, ಇಲ್ಲದಿದ್ರೆ ಯಾರಾದ್ರೂ ಡೂಪ್ಲಿಕೇಟ್ ತುಂಬಿ ಮಾರ್ತಾರೆ.

ಬ್ರೆಡ್‌ಗಾಡಿ:
ಎರಡನೇ ಗೇರ್ ಅವರು ಕೇಳಿದ್ದೇ ಸರಿ. ನಮ್ಮ ಮನೆ ಇರುವುದು ಬಿಜೈ ಇಳಿಜಾರಿನಲ್ಲಿ. ಗಾಡಿ ಮೂತಿ ಕೆಳಗೆ ಮಾಡಿ ನಿಲ್ಲಿಸುವುದು, ಅಲ್ಲೇ ನೋಡುವುದು! ಇವತ್ತು ಲೈನ್ ಮುಗಿಸಿ ನೆಹರೂ ಮೈದಾನದ ಹತ್ತಿರ ಸಮ ಜಾಗದಲ್ಲಿ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ನೋಡಿದೆ. ಎರಡು ಗೆರೆಗಳ ಮಧ್ಯಕ್ಕಿಂತ ಚೂರು ಕೆಳಗೆ ಉಂಟು. ಅಡಿಗೆ ರಟ್ಟು ಹಾಸಿದ್ದೆ. ಡ್ರೈನ್ ಬೋಲ್ಟ್ ನೇರಕ್ಕೆ ಎರಡು ಹನಿ ಬಿದ್ದಿತ್ತು. ಹಳೇ ವಾಷರನ್ನೇ ತಿರುಗಿ ಹಾಕಿದ್ದಾರೆ ಅಂತ ಕಾಣ್ತದೆ. ಕೂಲೆಂಟ್ ಇದ್ದಲ್ಲೇ ಉಂಟು. ಭಾನುವಾರ 5ಡಬ್ಲ್ಯು-30, ಹೊಸ ಫಿಲ್ಟರ್, ಹೊಸ ವಾಷರ್. ಆಮೇಲೆ ಮೂಲ್ಕಿಗೆ ಹೋಗುವುದು, ಮನೆಯವರನ್ನೂ ಕರ್ಕೊಂಡು. ಗಾಡಿಯಲ್ಲಿ ಬನ್ ವಾಸನೆ ಅಂತ ಅವಳ ಗಲಾಟೆ ಬೇರೆ.