ಸ್ಲೀವ್ ಶಸ್ತ್ರಚಿಕಿತ್ಸೆಯ ನಂತರ ಅನ್ನ, ಮುದ್ದೆಗೆ ಮರಳುವುದು ಹೇಗೆ?

ಮಂಡ್ಯದ ಗೃಹಿಣಿ:

ಎಲ್ಲರಿಗೂ ನಮಸ್ಕಾರ. ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ನಮ್ಮ ಮನೆ. ಸಕ್ಕರೆ ಕಾಯಿಲೆ, ಮಂಡಿನೋವು ಹಾಗೂ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಮೂರೂ ಒಟ್ಟಿಗೆ ಕಾಡುತ್ತಿದ್ದುದರಿಂದ ವೈದ್ಯರ ಸಲಹೆಯಂತೆ ಸ್ಲೀವ್ ಗ್ಯಾಸ್ಟ್ರೆಕ್ಟಮಿ, ಅಂದರೆ ತೂಕ ಇಳಿಸಲು ಜಠರವನ್ನು ಚಿಕ್ಕದಾಗಿಸುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಂಡಿದ್ದೇನೆ. ಈಗ ಆರನೆಯ ವಾರ ನಡೆಯುತ್ತಿದೆ. ಗಾಯಗಳು ಮಾಗಿವೆ, ಓಡಾಟಕ್ಕೆ ತೊಂದರೆಯಿಲ್ಲ, ಸಕ್ಕರೆಯ ಮಾತ್ರೆಯನ್ನು ವೈದ್ಯರೇ ಕಡಿಮೆ ಮಾಡಿದ್ದಾರೆ.

ಮೊದಲ ಎರಡು ವಾರ ತಿಳಿಸಾರು, ನೀರು ಮಜ್ಜಿಗೆ, ಸೋಸಿದ ಬೇಳೆಕಟ್ಟು, ಹಾಲು. ಆಮೇಲೆ ನುಣ್ಣಗೆ ಅರೆದ ಹೆಸರುಬೇಳೆ, ಮೊಸರು, ಹಿಸುಕಿದ ಪಪ್ಪಾಯಿ. ಅಲ್ಲಿಯವರೆಗೆ ಎಲ್ಲವೂ ಸಲೀಸಾಗಿ ನಡೆಯಿತು. ಮೆತ್ತನೆಯ ಆಹಾರದ ಹಂತಕ್ಕೆ ಬಂದ ಮೇಲೆ ಕಷ್ಟ ಶುರುವಾಗಿದೆ. ಅರ್ಧ ಇಡ್ಲಿ ಸುಲಭವಾಗಿ ಇಳಿಯುತ್ತದೆ. ಆದರೆ ಎರಡು ಚಮಚ ಅನ್ನ ತಿಂದರೆ ಎದೆಯ ನಡುವೆ ಏನೋ ಗಟ್ಟಿಯಾಗಿ ಕುಳಿತಂತಾಗಿ, ಬಾಯಿತುಂಬ ಜೊಲ್ಲು ಊರಿ, ನೊರೆನೊರೆಯಾಗಿ ಉಗುಳಿದ ಮೇಲೆಯೇ ಸಮಾಧಾನವಾಗುತ್ತದೆ. ಆಸ್ಪತ್ರೆಯಿಂದ ಕೊಟ್ಟ ಪಟ್ಟಿಯಲ್ಲಿ ಓಟ್ಸ್, ಸೂಪ್, ಟೋಸ್ಟ್ ಇವೆ. ನಮ್ಮ ಮನೆಯಲ್ಲಿ ದಿನವೂ ಮಾಡುವ ರಾಗಿಮುದ್ದೆಯ ಹೆಸರೇ ಇಲ್ಲ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂದು ಬರೆದಿದ್ದಾರೆ. ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ತಿನ್ನುವುದಿಲ್ಲ. ಹೊಟ್ಟೆ ಇಷ್ಟು ಚಿಕ್ಕದಾಗಿರುವಾಗ ಅಷ್ಟನ್ನು ಹೇಗೆ ಒದಗಿಸುವುದು?

ಅತ್ತೆಯವರಿಗೆ ನನ್ನ ಮೇಲೆ ಬಹಳ ಅಕ್ಕರೆ. ನಾನು ನಾಲ್ಕು ತುತ್ತಿಗೆ ಕೈ ತೊಳೆಯುವುದನ್ನು ಅವರಿಂದ ನೋಡಲಾಗುವುದಿಲ್ಲ. ಮುದ್ದೆ ತಿನ್ನದೆ ಮೈಯಲ್ಲಿ ಶಕ್ತಿ ಹೇಗೆ ಬಂದೀತು ಎಂದು ದಿನವೂ ಕೇಳುತ್ತಾರೆ. ಮುದ್ದೆಗೆ ಮರಳಿದವರು ಯಾರಾದರೂ ಇದ್ದರೆ, ಯಾವಾಗ, ಹೇಗೆ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ.

ಮಲೆನಾಡಿಗ:

ನಮಸ್ಕಾರ ಸಹೋದರಿ. ನನಗೆ ತೂಕ ಇಳಿಸಲು ಮಾಡುವ ಜಠರದ ಬೈಪಾಸ್ (ಹೃದಯದ್ದಲ್ಲ) ಆಗಿ ಕೆಲವು ವರ್ಷಗಳಾದವು. ನಿಮ್ಮದು ಬೇರೆ ಬಗೆಯ ಶಸ್ತ್ರಚಿಕಿತ್ಸೆಯಾದರೂ ಅನ್ನ ಸಿಕ್ಕಿಕೊಳ್ಳುವ ಅನುಭವ ಇಬ್ಬರಿಗೂ ಒಂದೇ. ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು ಉಳಿದದ್ದನ್ನು ಬಾಳೆಹಣ್ಣಿನಂಥ ಕಿರಿದಾದ ಕೊಳವೆಯಾಗಿ ಮಾಡುತ್ತಾರೆ. ಮೊದಲಿನಂತೆ ಹಿಗ್ಗುವ ಮೇಲ್ಭಾಗ ಈಗ ನಿಮಗಿಲ್ಲ. ಆದ್ದರಿಂದ ಬಾಯಲ್ಲಿ ಪೂರ್ತಿ ನುರಿಯದೆ ಇಳಿದದ್ದು ದಾರಿಯಲ್ಲಿ ನಿಲ್ಲುತ್ತದೆ. ಇಡ್ಲಿ ಎಂಜಲಿನಲ್ಲಿ ಕರಗಿಬಿಡುತ್ತದೆ. ಅನ್ನದ ಅಗುಳುಗಳು ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗುತ್ತವೆ. ಅದರಲ್ಲೂ ಕುಕ್ಕರಿನಲ್ಲಿ ಮಾಡಿ ಆರಿದ ಅನ್ನ ಇನ್ನಷ್ಟು ಗಟ್ಟಿ. ಒಂದೆರಡು ತಿಂಗಳ ಮಟ್ಟಿಗೆ ಬಿಡಿ ಅನ್ನವನ್ನು ಪಕ್ಕಕ್ಕಿಟ್ಟು, ಹೆಸರುಬೇಳೆ ಹೆಚ್ಚು, ಅಕ್ಕಿ ಕಡಿಮೆ ಹಾಕಿ ಸಡಿಲವಾಗಿ ಬೇಯಿಸಿದ ಪೊಂಗಲ್ಲನ್ನು ಬಿಸಿಯಿರುವಾಗಲೇ ತಿಂದು ನೋಡಿ.

ಮುದ್ದೆಯ ವಿಷಯದಲ್ಲಿ ಆಸ್ಪತ್ರೆಯ ಪಟ್ಟಿಗಳು ಹೇಳದ ಮಾತೊಂದಿದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಚಿಕ್ಕಂದಿನಿಂದ ಗಂಟಲಿಗೆ ಅದೇ ರೂಢಿಯಾಗಿದೆ. ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಿರಿ ಎಂದು ಆಹಾರತಜ್ಞರು ಹೇಳುವಾಗ ಇಡ್ಲಿ ಚಪಾತಿಗಳು ನಮ್ಮ ಮನಸ್ಸಿಗೆ ಬರುತ್ತವೆಯೇ ಹೊರತು ಮುದ್ದೆ ಬರುವುದೇ ಇಲ್ಲ. ನುಂಗಿದ ಮುದ್ದೆಯ ತುತ್ತು ಆ ಕಿರಿದಾದ ಕೊಳವೆಯಲ್ಲಿ ಹಾಗೇ ಕುಳಿತುಕೊಳ್ಳುತ್ತದೆ, ನೀರು ಕುಡಿದು ತಳ್ಳಲು ಹೋದರೆ ನೋವು ಇನ್ನೂ ಹೆಚ್ಚುತ್ತದೆ. ಆದ್ದರಿಂದ ಮುದ್ದೆ ಯಾವಾಗ ಎಂಬುದಕ್ಕಿಂತ ಮುದ್ದೆಯನ್ನು ಅಗಿದು ತಿನ್ನಲು ಕಲಿಯುವುದು ಮುಖ್ಯ ಎಂದು ನನ್ನ ಅಭಿಪ್ರಾಯ. ಅದು ಕೇಳಿದಷ್ಟು ಸುಲಭವಲ್ಲ, ರುಚಿಯೇ ಬದಲಾದಂತೆ ಅನಿಸುತ್ತದೆ. ನಮ್ಮ ಕಡೆ ಅಕ್ಕಿರೊಟ್ಟಿ, ಕಡುಬು ಹೆಚ್ಚಾದ್ದರಿಂದ ನನಗೆ ಅಷ್ಟಾಗಿ ಕಾಡಲಿಲ್ಲ. ಆದರೆ ನಮ್ಮ ಗುಂಪಿನಲ್ಲಿದ್ದ ಹಾಸನದ ಹಿರಿಯರೊಬ್ಬರಿಗೆ ಇದೇ ದೊಡ್ಡ ಪರೀಕ್ಷೆಯಾಗಿತ್ತು.

ಊಟದ ನಡುವೆ ನೀರು ಬೇಡ. ಊಟವಾಗಿ ಅರ್ಧ ಗಂಟೆ ಕಳೆದ ಮೇಲೆ ಗುಟುಕು ಗುಟುಕಾಗಿ ಕುಡಿಯುತ್ತಾ ದಿನಕ್ಕೆ ಒಂದೂವರೆ ಲೀಟರಿನಷ್ಟಾದರೂ ಆಗುವಂತೆ ನೋಡಿಕೊಳ್ಳಿ. ಪಾಯಸ, ಹೋಳಿಗೆಗಳ ಬಗ್ಗೆಯೂ ಎಚ್ಚರವಿರಲಿ. ಸಿಹಿ ಒಮ್ಮೆಲೇ ಕರುಳಿಗೆ ಇಳಿದಾಗ ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ ಕಾಣಿಸಿಕೊಳ್ಳುವುದಕ್ಕೆ ಡಂಪಿಂಗ್ ಎನ್ನುತ್ತಾರೆ. ಇದು ನಮ್ಮಂಥ ಬೈಪಾಸ್‌ನವರಿಗೆ ಹೆಚ್ಚು, ಸ್ಲೀವ್ ಆದವರಿಗೂ ಆಗುವುದುಂಟು.

ಆಹಾರತಜ್ಞೆ, ಧಾರವಾಡ:

ಮೇಲಿನವರು ಅಗಿಯುವ ಬಗ್ಗೆ ಹೇಳಿದ ಮಾತು ತುಂಬ ಸರಿಯಾಗಿದೆ. ನಾನು ಪ್ರೋಟೀನಿನ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಅಡುಗೆಮನೆಗಳಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ನೂರು ಗ್ರಾಂ ಒಣ ಬೇಳೆಯಲ್ಲಿ 22ರಿಂದ 24 ಗ್ರಾಂ ಪ್ರೋಟೀನ್ ಇರುವುದು ನಿಜ. ಆದರೆ ಮನೆಮಂದಿಗೆಲ್ಲ ಸೇರಿ ಒಂದು ಹಿಡಿ ಬೇಳೆ ಹಾಕಿದ ಸಾರಿನ ಬಟ್ಟಲೊಂದರಲ್ಲಿ ಅದು ಎರಡು ಮೂರು ಗ್ರಾಂ ಸಿಕ್ಕಿದರೆ ಹೆಚ್ಚು. ಬೇಳೆಯ ಗಟ್ಟಿ ಭಾಗವನ್ನು ನಿಮ್ಮ ಬಟ್ಟಲಿಗೆ ಮೊದಲೇ ತೆಗೆದಿಟ್ಟು, ಉಳಿದದ್ದಕ್ಕೆ ನೀರು ಬೆರೆಸಿ ಸಾರು ಮಾಡಲು ಹೇಳಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ, ನೂರು ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಇರುತ್ತದೆ. ಮನೆಯಲ್ಲೇ ಹಾಲು ಒಡೆದು ಮಾಡಿದ ಮೆತ್ತನೆಯ ಪನೀರನ್ನು ಪುಡಿಮಾಡಿ ಬೇಳೆಗೆ ಬೆರೆಸಿದರೆ ಸುಲಭವಾಗಿ ಇಳಿಯುತ್ತದೆ. ಇಷ್ಟರಲ್ಲೂ ಮೊದಲ ತಿಂಗಳುಗಳಲ್ಲಿ 60 ಗ್ರಾಂ ಮುಟ್ಟುವುದು ಕಷ್ಟ. ಪ್ರೋಟೀನ್ ಪುಡಿಯನ್ನು ಹಾಲಿಗೆ ಸೇರಿಸಿ ಕುಡಿಯಲು ಸಂಕೋಚ ಬೇಡ.

ತಟ್ಟೆಯಲ್ಲಿ ಮೊದಲ ತುತ್ತು ಪ್ರೋಟೀನಿನದ್ದಾಗಿರಲಿ, ಆಮೇಲೆ ತರಕಾರಿ, ಜಾಗ ಉಳಿದರೆ ಮಾತ್ರ ಅನ್ನ ಅಥವಾ ರಾಗಿ. ನಿಮ್ಮ ಅತ್ತೆಯವರಿಗೆ ರಾಗಿಯ ಮೇಲಿರುವ ನಂಬಿಕೆ ಸುಳ್ಳಲ್ಲ. ನೂರು ಗ್ರಾಂ ಹಿಟ್ಟಿನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೆ ಪ್ರೋಟೀನ್ ಏಳು ಗ್ರಾಂ ಆಸುಪಾಸು ಮಾತ್ರ, ಉಳಿದದ್ದು ಬಹುಪಾಲು ಪಿಷ್ಟ. ಚಿಕ್ಕ ಹೊಟ್ಟೆಯನ್ನು ಮುದ್ದೆಯೇ ತುಂಬಿಬಿಟ್ಟರೆ ಮೊಟ್ಟೆಗೂ ಬೇಳೆಗೂ ಜಾಗವಿರುವುದಿಲ್ಲ.

ಜೀವಸತ್ವ, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ತೂಕ ಇಳಿದ ಮೇಲೆ ನಿಲ್ಲಿಸಬಹುದೆಂದು ಎಷ್ಟೋ ಜನ ತಿಳಿದಿರುತ್ತಾರೆ. ಹಾಗಲ್ಲ, ಅವು ಜೀವನಪರ್ಯಂತ ಬೇಕು. ಜಠರ ಚಿಕ್ಕದಾದಾಗ ಆಮ್ಲ ಮತ್ತು ಬಿ12 ಹೀರಿಕೊಳ್ಳಲು ಬೇಕಾದ ಅಂಶ ಎರಡೂ ಕಡಿಮೆಯಾಗುತ್ತವೆ. ಕ್ಯಾಲ್ಸಿಯಂ ಸಿಟ್ರೇಟ್ ಹೀರಲು ಆಮ್ಲದ ಹಂಗಿಲ್ಲದಿರುವುದರಿಂದ ಅದನ್ನೇ ಹೆಚ್ಚಾಗಿ ಕೊಡುತ್ತಾರೆ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆಯ ಅಂತರವಿರಲಿ, ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ. ಮೂರನೆಯ ತಿಂಗಳಿನಿಂದ ಕೂದಲು ಉದುರಲು ಶುರುವಾದರೆ ಗಾಬರಿಯಾಗಬೇಡಿ. ತೂಕ ವೇಗವಾಗಿ ಇಳಿದಾಗ ಹೀಗಾಗುತ್ತದೆ, ಪ್ರೋಟೀನ್ ಮತ್ತು ಕಬ್ಬಿಣ ಸರಿಯಾಗಿದ್ದರೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅನ್ನ ತಿಂದಾಗ ಮಾತ್ರ ಉಗುಳುವುದು ಬೇರೆ. ನೀರೂ ನಿಲ್ಲದೆ ಕೆಲವು ದಿನ ವಾಂತಿಯಾಗುವುದು ಬೇರೆ. ಎರಡನೆಯದನ್ನು ಸಹಿಸಿಕೊಂಡು ಕೂರಬಾರದು. ದೇಹದಲ್ಲಿ ಬಿ1 ಜೀವಸತ್ವದ ದಾಸ್ತಾನು ಬಹಳ ಕಡಿಮೆ, ಎರಡು ಮೂರು ವಾರಗಳಲ್ಲೇ ಬರಿದಾಗಬಹುದು. ಕಣ್ಣಿಗೆ ಎರಡೆರಡು ಕಾಣುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು ಅದರ ಲಕ್ಷಣಗಳು, ತಡವಾದರೆ ಮಿದುಳಿಗೆ ಶಾಶ್ವತ ಹಾನಿಯಾಗುತ್ತದೆ. ಸುಸ್ತಾಗಿದೆಯೆಂದು ಊರಿನ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಡ್ರಿಪ್ ಹಾಕಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಇಂಥ ಸ್ಥಿತಿಯಲ್ಲಿ ಬಿ1 ಚುಚ್ಚುಮದ್ದು ಕೊಡದೆ ಗ್ಲೂಕೋಸ್ ಏರಿಸಿದರೆ ತೊಂದರೆ ಉಲ್ಬಣಿಸಬಹುದು. ಎಲ್ಲಿಗೆ ಹೋದರೂ ನಿಮಗೆ ಈ ಶಸ್ತ್ರಚಿಕಿತ್ಸೆ ಆಗಿದೆಯೆಂದು ಮೊದಲು ಹೇಳಿ, ಮನೆಯವರಿಗೂ ಹೇಳಿಕೊಟ್ಟಿರಿ.

ಹುಬ್ಬಳ್ಳಿಯ ಓದುಗ:

ನನ್ನ ಪತ್ನಿಗೆ ಇದೇ ಶಸ್ತ್ರಚಿಕಿತ್ಸೆ ಆಗಿದೆ, ಅಡುಗೆ ಮತ್ತು ಆರೈಕೆ ನನ್ನ ಪಾಲಿಗೆ ಬಂದಿತ್ತು. ಹಿರಿಯರ ಬಗ್ಗೆ ಒಂದು ಸಲಹೆ ಕೊಡುತ್ತೇನೆ. ನಮ್ಮ ತಾಯಿಯವರಿಗೆ ಎಷ್ಟು ಬಾಯಿಮಾತಿನಲ್ಲಿ ಹೇಳಿದರೂ ಮನಸ್ಸು ಒಪ್ಪುತ್ತಿರಲಿಲ್ಲ. ತಪಾಸಣೆಗೆ ಹೋದಾಗ ಅವರನ್ನೂ ಕರೆದುಕೊಂಡು ಹೋದೆವು. ವೈದ್ಯರು ಮೇಜಿನ ಮೇಲಿದ್ದ ಚಿಕ್ಕ ಬಟ್ಟಲೊಂದನ್ನು ತೋರಿಸಿ, ಈಗ ನಿಮ್ಮ ಸೊಸೆಯ ಹೊಟ್ಟೆಗೆ ಹಿಡಿಯುವುದು ಇಷ್ಟೇ ಎಂದು ವಿವರಿಸಿದರು. ಅಂದಿನಿಂದ ಅಮ್ಮ ಅದೇ ಅಳತೆಯ ಬಟ್ಟಲಿನಲ್ಲಿ ತಾವೇ ಬಡಿಸಲು ತೊಡಗಿದರು. ಒತ್ತಾಯ ಮಾಡುತ್ತಿದ್ದ ಅಕ್ಕರೆಯೇ ಆಮೇಲೆ ಕಾವಲಾಯಿತು.

ನಿಮಗೆ ಮಂಡಿನೋವು ಇದೆಯೆಂದು ಬರೆದಿದ್ದೀರಿ. ಔಷಧಿ ಅಂಗಡಿಯಲ್ಲಿ ಕೇಳಿ ನೋವಿನ ಮಾತ್ರೆ ತೆಗೆದುಕೊಳ್ಳಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥವು ಜಠರದಲ್ಲಿ ಹುಣ್ಣು ಮಾಡಬಲ್ಲವು. ನಮಗೆ ವೈದ್ಯರು ಪ್ಯಾರಾಸಿಟಮಾಲ್ ಮಾತ್ರ ಸಾಕೆಂದು ಚೀಟಿಯಲ್ಲೇ ಬರೆದುಕೊಟ್ಟಿದ್ದರು.

ಮಂಡ್ಯದ ಗೃಹಿಣಿ:

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮುಂದಿನ ತಪಾಸಣೆಗೆ ಅತ್ತೆಯವರನ್ನೂ ಕರೆದುಕೊಂಡು ಹೋಗುತ್ತೇನೆ. ನನಗೆ ನೀರು ನಿಲ್ಲುತ್ತಿದೆ, ವಾಂತಿಯಿಲ್ಲ, ಅನ್ನಕ್ಕೆ ಮಾತ್ರ ತೊಂದರೆ. ಧಾರವಾಡದ ಮೇಡಂ ಅವರಲ್ಲಿ ಒಂದು ಪ್ರಶ್ನೆ: ಮುದ್ದೆಯ ಬದಲು ಈಗಲೇ ರಾಗಿ ಅಂಬಲಿ ಕುಡಿಯಬಹುದೇ?

ಆಹಾರತಜ್ಞೆ, ಧಾರವಾಡ:

ಕುಡಿಯಬಹುದು. ಮಜ್ಜಿಗೆ ಬೆರೆಸಿ, ಬೆಲ್ಲ ಹಾಕದೆ, ಊಟದ ಜೊತೆಗಲ್ಲದೆ ಎರಡು ಊಟಗಳ ನಡುವೆ ಅರ್ಧ ಲೋಟದಷ್ಟು ಸಾಕು. ತೆಳುವಾದ ಅಂಬಲಿ ಹೊಟ್ಟೆ ತುಂಬಿದ ಸೂಚನೆ ಕೊಡದೆ ಸರಾಗವಾಗಿ ಇಳಿಯುವುದರಿಂದ ದಿನವಿಡೀ ಅದನ್ನೇ ಕುಡಿಯುತ್ತಿದ್ದರೆ ತೂಕ ಇಳಿಯುವುದು ನಿಂತುಬಿಡುತ್ತದೆ. ಮುದ್ದೆಗೆ ಮೂರನೆಯ ತಿಂಗಳು ದಾಟಲಿ, ನಿಮ್ಮ ವೈದ್ಯರೂ ಒಪ್ಪಲಿ. ಮೊದಲ ಸಲ ಮನೆಯಲ್ಲೇ, ಅವಸರವಿಲ್ಲದ ಮಧ್ಯಾಹ್ನದಲ್ಲಿ, ಮೊಟ್ಟೆ ಅಥವಾ ಗಟ್ಟಿ ಬೇಳೆ ತಿಂದಾದ ಮೇಲೆ, ಸಡಿಲವಾಗಿ ಕೂಡಿಸಿದ ಬಿಸಿ ಮುದ್ದೆಯಿಂದ ನೆಲ್ಲಿಕಾಯಿ ಗಾತ್ರದ ತುಂಡನ್ನು ಮುರಿದು, ಸೊಪ್ಪಿನ ಸಾರಿನಲ್ಲಿ ಚೆನ್ನಾಗಿ ಕಿವುಚಿ, ಚಮಚದಲ್ಲಿ ತೆಗೆದುಕೊಂಡು ಅಗಿದು ತಿನ್ನಿ. ಅದು ನೋವಿಲ್ಲದೆ ಇಳಿದರೆ ಎರಡು ದಿನ ಬಿಟ್ಟು ಮತ್ತೆ ಅಷ್ಟೇ ತಿನ್ನಿ. ಸಿಕ್ಕಿಕೊಂಡರೆ ಎರಡು ವಾರ ತಡೆದು ನೋಡಿ.