75 ಲೀಟರ್ ಹವಳದ ತೊಟ್ಟಿಯಲ್ಲಿ ಐಪ್ಟೇಸಿಯಾ ಕಾಟ: ತಂದು ಬಿಟ್ಟ ಸೀಗಡಿ ಹವಳವನ್ನೇ ತಿನ್ನುತ್ತಿದೆ

ನೀಲಿಅಲೆ:

ಎಲ್ಲರಿಗೂ ನಮಸ್ಕಾರ. ನನ್ನದು 75 ಲೀಟರಿನ ಉಪ್ಪುನೀರಿನ ತೊಟ್ಟಿ. ಹಿಂಬದಿಯಲ್ಲೇ ಫಿಲ್ಟರ್ ಕೋಣೆ ಇರುವ ಮಾದರಿ. ಪ್ರಾರಂಭಿಸಿ 14 ತಿಂಗಳಾಗಿದೆ. ಎಂಟು ಕಿಲೋದಷ್ಟು ಲೈವ್ ರಾಕ್ (ಸಣ್ಣ ಜೀವಿಗಳು ನೆಲೆಸಿದ ಕಡಲಕಲ್ಲು), ಎರಡು ಕ್ಲೌನ್ ಮೀನು, ಒಂದು ಗೋಬಿ, ಕೆಲವು ಬಸವನಹುಳುಗಳು, ಜೊತೆಗೆ ಜೋವಾಂಥಸ್, ಮಶ್ರೂಮ್ ಮತ್ತು ಹ್ಯಾಮರ್ ಹವಳಗಳಿವೆ. ಉಷ್ಣಾಂಶ 25.5 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಸಾಂದ್ರತೆ 1.025, ನೈಟ್ರೇಟ್ 20 ಪಿಪಿಎಂ.

ನಾಲ್ಕು ತಿಂಗಳ ಹಿಂದೆ ಹೊಸ ಹವಳವೊಂದರ ಬುಡದಲ್ಲಿ ಕಂದುಬಣ್ಣದ ಒಂದು ಪುಟ್ಟ ಅನಿಮೋನ್ (ಹೂವಿನಂತೆ ಕಾಣುವ, ಕುಟುಕುವ ಕಡಲಪ್ರಾಣಿ) ಕಾಣಿಸಿತು. ಚೆನ್ನಾಗಿದೆಯಲ್ಲ ಎಂದು ಬಿಟ್ಟೆ. ಅದು ಐಪ್ಟೇಸಿಯಾ ಎಂಬ, ತೊಟ್ಟಿಯಲ್ಲಿ ಬೇಗ ಹರಡುವ ಪೀಡೆ ಎಂದು ಆಮೇಲೆ ತಿಳಿಯಿತು. ಚಿಮುಟದಿಂದ ಹಿಡಿಯಲು ಹೋದರೆ ನೆರಳು ಬಿದ್ದ ಕ್ಷಣದಲ್ಲೇ ಕಲ್ಲಿನ ತೂತಿನೊಳಗೆ ಸೇರಿಕೊಳ್ಳುತ್ತಿದ್ದುದರಿಂದ, ಕೊನೆಗೆ ಕತ್ತರಿಯಿಂದ ಬುಡಕ್ಕೆ ಕತ್ತರಿಸಿದೆ. ಎರಡು ವಾರ ಕಳೆಯುವಷ್ಟರಲ್ಲಿ ಆ ತೂತಿನ ಸುತ್ತ ಗುಂಡುಪಿನ್ನಿನ ತಲೆಯಷ್ಟು ದೊಡ್ಡ ಏಳೆಂಟು ಮರಿಗಳು ಎದ್ದಿದ್ದವು. ಈಗ ಎಣಿಸಿದರೆ 30ಕ್ಕೂ ಹೆಚ್ಚು.

ರಾಸಾಯನಿಕ ಹಾಕಲು ಮನಸ್ಸಾಗದೆ, ಐಪ್ಟೇಸಿಯಾ ತಿನ್ನುವ ಪೆಪ್ಪರ್‌ಮಿಂಟ್ ಸೀಗಡಿ ಎಂದು ಹೇಳಿ ಅಂಗಡಿಯವರು ಕೊಟ್ಟ ಎರಡು ಸೀಗಡಿಗಳನ್ನು ತಂದು ಬಿಟ್ಟೆ. ನಾಲ್ಕು ವಾರವಾಯಿತು, ಐಪ್ಟೇಸಿಯಾ ಒಂದೂ ಕಡಿಮೆಯಾಗಿಲ್ಲ, ಬದಲಿಗೆ ಜೋವಾಂಥಸ್ ಗುಂಪಿನ ಅರ್ಧಭಾಗವೇ ಮಾಯವಾಗಿದೆ. ನಿನ್ನೆ ರಾತ್ರಿ ಟಾರ್ಚ್ ಹಾಕಿ ನೋಡಿದಾಗ ಸೀಗಡಿಯೊಂದು ಅದರ ಮೇಲೆ ಕುಳಿತು ಕಿತ್ತು ತಿನ್ನುತ್ತಿತ್ತು. ಇದು ಸಾಲದೆಂಬಂತೆ ಗಾಜಿನ ಮೇಲೆ ತುಕ್ಕಿನ ಬಣ್ಣದ ಚಪ್ಪಟೆ ಹುಳುಗಳೂ, ಕಲ್ಲಿನ ಸಂದಿಯಲ್ಲಿ ಮೈತುಂಬ ರೋಮವಿರುವ ಉದ್ದನೆಯ ಹುಳುಗಳೂ ಕಾಣುತ್ತಿವೆ. ಇವೆಲ್ಲವನ್ನೂ ತಿನ್ನಲು ಸಿಕ್ಸ್‌ಲೈನ್ ರಾಸ್ ಮೀನೊಂದನ್ನು ತರಬಹುದೇ? ದಯವಿಟ್ಟು ತಿಳಿಸಿ.

ಹಳೇಹವಳ:

ನೀಲಿಅಲೆ ಅವರೇ, ಮೀನು ತರುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಮೊದಲು ನಿಮ್ಮ ಸೀಗಡಿಯ ಗುರುತು ಪತ್ತೆಯಾಗಬೇಕು. ಅದರ ಬೆನ್ನು ಗೂನಾಗಿದೆಯೇ? ಕಣ್ಣುಗಳು ದೊಡ್ಡದಾಗಿವೆಯೇ? ಕೆಂಪು ಗೆರೆಗಳ ನಡುವೆ ಅಚ್ಚಬಿಳಿಯ ಗೆರೆ ಅಥವಾ ಚುಕ್ಕೆಗಳಿವೆಯೇ? ತಲೆಯ ಮುಂದಿನ ಕೊಕ್ಕಿನಂತಹ ಭಾಗವು ಕೀಲಿನ ಮೇಲೆ ಮೇಲೆ-ಕೆಳಗೆ ಆಡುತ್ತದೆಯೇ?

ನೀಲಿಅಲೆ:

ಗೂನು ಇದೆ, ಬಿಳಿ ಗೆರೆಗಳೂ ಇವೆ. ಕೊಕ್ಕನ್ನು ಗಮನಿಸಿರಲಿಲ್ಲ, ಈಗ ಆಹಾರ ಹಾಕಿ ನೋಡಿದೆ, ಅದು ನಿಜವಾಗಿಯೂ ಆಡುತ್ತದೆ.

ಹಳೇಹವಳ:

ಹಾಗಾದರೆ ಅದು ಪೆಪ್ಪರ್‌ಮಿಂಟ್ ಅಲ್ಲ, ಕ್ಯಾಮೆಲ್ ಸೀಗಡಿ. ನೋಡಲು ಸೊಗಸಾದ ಪ್ರಾಣಿಯೇ ಸರಿ, ಆದರೆ ಜೋವಾಂಥಸ್, ಮಶ್ರೂಮ್‌ನಂತಹ ಮೆತ್ತನೆಯ ಹವಳಗಳೆಂದರೆ ಅದಕ್ಕೆ ಬಲು ಇಷ್ಟ. ನಿಜವಾದ ಪೆಪ್ಪರ್‌ಮಿಂಟ್ ಲಿಸ್ಮಾಟಾ ಕುಲಕ್ಕೆ ಸೇರಿದ್ದು. ಮೈ ಬಹುಪಾಲು ಪಾರದರ್ಶಕವಾಗಿದ್ದು, ಅದರ ಮೇಲೆ ತೆಳುವಾದ ಕೆಂಪು ಗೆರೆಗಳಷ್ಟೇ ಇರುತ್ತವೆ, ಬಿಳಿ ಬಣ್ಣ ಇರುವುದಿಲ್ಲ. ಆ ಕುಲದೊಳಗೂ ಗೊಂದಲವಿದೆ: ಬಹಳ ಕಾಲ ಲಿಸ್ಮಾಟಾ ವುರ್ಡೆಮಾನಿ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಸೀಗಡಿಗಳ ಪೈಕಿ ಲಿಸ್ಮಾಟಾ ಬೋಗೆಸ್ಸಿಯನ್ನು ಬೇರೆ ಪ್ರಭೇದವೆಂದು ವಿವರಿಸಿದ್ದೇ 2006ರಲ್ಲಿ. ಆದ್ದರಿಂದ ಒಬ್ಬರ ತೊಟ್ಟಿಯಲ್ಲಿ ಕೆಲಸ ಮಾಡಿದ ಸೀಗಡಿ ಇನ್ನೊಬ್ಬರಲ್ಲಿ ಸುಮ್ಮನಿದ್ದರೆ ಆಶ್ಚರ್ಯಪಡಬೇಕಿಲ್ಲ.

ಕ್ಯಾಮೆಲ್ ಸೀಗಡಿಗಳನ್ನು ಬಲೆಯಿಂದ ಅಟ್ಟಿಸಿಕೊಂಡು ಹೋದರೆ ಕಲ್ಲುಗಳೆಲ್ಲ ಉರುಳುತ್ತವೆಯೇ ಹೊರತು ಅವು ಸಿಗುವುದಿಲ್ಲ. ಒಂದು ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಒಳಕ್ಕೆ ತೂರಿಸಿ, ಒಳಗೆ ಮೀನಿನ ಆಹಾರದ ಚೂರೊಂದನ್ನು ಇಟ್ಟು, ದೀಪ ಆರಿದ ಮೇಲೆ ಮರಳಿನ ಮೇಲೆ ಮಲಗಿಸಿ. ಒಂದೆರಡು ರಾತ್ರಿಯಲ್ಲಿ ಬಂದು ಬೀಳುತ್ತವೆ. ಬೆಳಿಗ್ಗೆ ಮೊದಲ ಕೆಲಸವಾಗಿ ಬಾಟಲಿಯನ್ನು ಹೊರತೆಗೆಯಿರಿ; ಉಳಿದ ಆಹಾರ ಒಳಗೇ ಕೊಳೆಯಬಾರದು.

ಇನ್ನು ಐಪ್ಟೇಸಿಯಾ. ಕತ್ತರಿಸಿದಾಗ ಅದು ಏಕೆ ಹೆಚ್ಚಿತೆಂದರೆ, ಅದರ ಪಾದದ ಭಾಗದಿಂದ ಹರಿದು ಉಳಿದ ಒಂದು ಸಣ್ಣ ಚೂರು ಕೂಡ ಪೂರ್ಣ ಪ್ರಾಣಿಯಾಗಿ ಬೆಳೆಯಬಲ್ಲದು. ಹೀಗಾಗಿ ಕತ್ತರಿಸುವುದು, ಉಜ್ಜುವುದು, ಕೆರೆಯುವುದು ಇವೆಲ್ಲವೂ ಬಿತ್ತನೆ ಮಾಡಿದಂತೆಯೇ. ಮೀನಿನ ಆಹಾರ ಕಡಿಮೆ ಮಾಡಿ ಅದನ್ನು ಉಪವಾಸ ಕೆಡವಬಹುದೆಂದು ಹಲವರು ಭಾವಿಸುತ್ತಾರೆ. ಆದರೆ ಹವಳಗಳಂತೆಯೇ ಅದರ ಮೈಯೊಳಗೂ ಬೆಳಕಿನಿಂದ ಆಹಾರ ತಯಾರಿಸುವ ಪಾಚಿಕೋಶಗಳಿರುವುದರಿಂದ, ಆಹಾರ ತಗ್ಗಿಸಿದರೆ ಹರಡುವ ವೇಗ ಕುಗ್ಗಬಹುದು, ಅದು ಸಾಯುವುದಿಲ್ಲ.

ನಿಮ್ಮ ತೊಟ್ಟಿಯ ಗಾತ್ರಕ್ಕೆ ನನ್ನ ಸಲಹೆ ಬರ್ಗಿಯಾ ಎಂಬ ನ್ಯೂಡಿಬ್ರಾಂಕ್. ಇದು ಚಿಪ್ಪಿಲ್ಲದ, ಎರಡು ಸೆಂಟಿಮೀಟರಿನಷ್ಟು ಉದ್ದದ ಕಡಲ ಬಸವನಹುಳು. ಐಪ್ಟೇಸಿಯಾ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ತಿಂದ ಅನಿಮೋನಿನ ಕುಟುಕು ಕೋಶಗಳನ್ನು ತನ್ನ ಬೆನ್ನಿನ ಕುಚ್ಚುಗಳಲ್ಲಿ ಕೂಡಿಟ್ಟುಕೊಂಡು ಅದನ್ನೇ ಆತ್ಮರಕ್ಷಣೆಗೆ ಬಳಸುತ್ತದೆ. ಕಾಪರ್‌ಬ್ಯಾಂಡ್ ಚಿಟ್ಟೆಮೀನು ಕೂಡ ಐಪ್ಟೇಸಿಯಾ ತಿನ್ನುತ್ತದೆ, ನಿಜ. ಆದರೆ 75 ಲೀಟರಿನಲ್ಲಿ ಅದನ್ನು ಇಡುವುದು ಆ ಮೀನಿಗೆ ಮಾಡುವ ಅನ್ಯಾಯ.

ಉಪ್ಪಿನಕಲ್ಲು:

ಮಧ್ಯೆ ಬರುವುದಕ್ಕೆ ಕ್ಷಮೆಯಿರಲಿ. ನಿಜವಾದ ಪೆಪ್ಪರ್‌ಮಿಂಟ್ ಸೀಗಡಿಗಳು ನನ್ನ ತೊಟ್ಟಿಯಲ್ಲಿ ಒಂದು ತಿಂಗಳೊಳಗೆ ಐಪ್ಟೇಸಿಯಾವನ್ನು ಪೂರ್ತಿ ಮುಗಿಸಿವೆ. ಬರ್ಗಿಯಾ ಸಿಗುವುದು ಕಷ್ಟ, ದುಬಾರಿಯೂ ಹೌದು. ಬೇಕಿದ್ದರೆ ಎರಡನ್ನೂ ಒಟ್ಟಿಗೆ ಬಿಟ್ಟರೆ ಇನ್ನೂ ಬೇಗ ಮುಗಿಯುವುದಿಲ್ಲವೇ?

ಹಳೇಹವಳ:

ಉಪ್ಪಿನಕಲ್ಲು ಅವರೇ, ನಿಮ್ಮ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಸಣ್ಣ ಐಪ್ಟೇಸಿಯಾಗಳನ್ನು ಪೆಪ್ಪರ್‌ಮಿಂಟ್ ಚೆನ್ನಾಗಿಯೇ ತಿನ್ನುತ್ತದೆ. ದೊಡ್ಡದಾಗಿ ಬೆಳೆದವುಗಳ ತಂಟೆಗೆ ಅದು ಹೋಗುವುದು ಕಡಿಮೆ, ಮತ್ತು ಹೊಟ್ಟೆ ತುಂಬ ಮೀನಿನ ಆಹಾರ ಸಿಗುವ ತೊಟ್ಟಿಯಲ್ಲಿ ಅನಿಮೋನಿನ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನ ತೊಟ್ಟಿಯ ಎರಡು ಸೀಗಡಿಗಳು ಮೂರನೆಯ ವಾರದಿಂದ ಹ್ಯಾಮರ್ ಹವಳದ ಬಾಯಿಂದ ಆಹಾರ ಕಸಿಯುವುದನ್ನೇ ಕಸುಬು ಮಾಡಿಕೊಂಡವು. ಆದರೆ ಎರಡನ್ನೂ ಒಟ್ಟಿಗೆ ಬಿಡುವ ಮಾತಿಗೆ ಮಾತ್ರ ನಾನು ಒಪ್ಪಲಾರೆ: ಸೀಗಡಿಯು ಬರ್ಗಿಯಾವನ್ನೂ ಅದರ ಮೊಟ್ಟೆಗಳನ್ನೂ ತಿಂದುಬಿಡಬಹುದು. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು.

ಸಿಕ್ಸ್‌ಲೈನ್ ರಾಸ್ ಬೇಡವೆಂದದ್ದಕ್ಕೂ ಇದೇ ಕಾರಣ. ಅದು ಕೆಲವೊಮ್ಮೆ ಚಪ್ಪಟೆ ಹುಳುಗಳನ್ನು ತಿನ್ನುತ್ತದೆಂಬುದು ಸರಿ, ಆದರೆ ಬರ್ಗಿಯಾ ಅದರ ಕಣ್ಣಿಗೆ ಬಿದ್ದರೆ ಬಿಡುವುದಿಲ್ಲ. ಮೇಲಾಗಿ ಇಕ್ಕಟ್ಟಾದ ತೊಟ್ಟಿಯಲ್ಲಿ ಬೇರೆ ಮೀನುಗಳಿಗೆ ಅದರ ಕಾಟ ತಪ್ಪಿದ್ದಲ್ಲ. ಚಪ್ಪಟೆ ಹುಳುಗಳಿಗೆ ನೀವು ಮಾಡಬೇಕಾದದ್ದು ಇಷ್ಟೇ. ಅವು ಬೆಳಕಿರುವ ಕಡೆ ಗುಂಪುಗೂಡುತ್ತವೆ; ನೀರು ಬದಲಾಯಿಸುವಾಗ ಗಾಳಿಪಂಪಿನ ತೆಳು ಕೊಳವೆಯಿಂದ ಅವುಗಳನ್ನು ಹೀರಿ ತೆಗೆಯಿರಿ. ಒಮ್ಮೆಗೇ ಎಲ್ಲವನ್ನೂ ಕೊಲ್ಲಲು ಯಾವ ಔಷಧವನ್ನೂ ಹಾಕಬೇಡಿ: ಅವು ಸತ್ತಾಗ ಬಿಡುವ ವಿಷವು ಸಣ್ಣ ತೊಟ್ಟಿಯಲ್ಲಿ ಮೀನುಗಳನ್ನೂ ಕೊಲ್ಲಬಲ್ಲದು. ಆ ವಿಷವನ್ನು ಹೀರಲು ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇರಲಿ.

ರೋಮವಿರುವ ಹುಳುಗಳು ಬ್ರಿಸಲ್ ಹುಳುಗಳು. ಅವನ್ನು ಮುಟ್ಟಬೇಡಿ, ಎರಡೂ ಅರ್ಥದಲ್ಲಿ. ರೋಮಗಳು ಕೈಗೆ ಚುಚ್ಚಿ ಉರಿಯುತ್ತವೆ. ಆದರೆ ಅವುಗಳಲ್ಲಿ ಬಹುಪಾಲು ಸಂದಿಗೊಂದಿಯಲ್ಲಿ ಬಿದ್ದ ಕಸವನ್ನು ತಿಂದು ತೊಟ್ಟಿಗೆ ಉಪಕಾರವನ್ನೇ ಮಾಡುತ್ತವೆ. ವಿಪರೀತ ಹೆಚ್ಚಿದ್ದರೆ ನೀವು ಹಾಕುವ ಆಹಾರ ಹೆಚ್ಚಾಗಿದೆ ಎಂದು ತಿಳಿಯಿರಿ.

ಬರ್ಗಿಯಾ ಸಿಕ್ಕರೆ ಆರು ತನ್ನಿ. ಪ್ರತಿಯೊಂದರಲ್ಲೂ ಗಂಡು, ಹೆಣ್ಣು ಎರಡೂ ಅಂಗಗಳಿರುವುದರಿಂದ ಯಾವ ಎರಡು ಕೂಡಿದರೂ ಎರಡೂ ಮೊಟ್ಟೆಯಿಡುತ್ತವೆ. ತಂದ ನೀರಿನ ಲವಣಾಂಶವನ್ನು ಅಳೆದು, ತೊಟ್ಟಿಯ ನೀರನ್ನು ಹನಿಹನಿಯಾಗಿ ಬೆರೆಸಿ ಹೊಂದಿಸಿ. ದೀಪ ಆರಿದ ಮೇಲೆ ಪಂಪುಗಳನ್ನು ಅರ್ಧ ಗಂಟೆ ನಿಲ್ಲಿಸಿ, ಡ್ರಾಪರಿನಿಂದ ಐಪ್ಟೇಸಿಯಾ ಇರುವ ಕಲ್ಲಿನ ಪಕ್ಕದಲ್ಲೇ ಬಿಡಿ. ನೀರಿನ ಮೇಲಿನಿಂದ ಬಿಟ್ಟರೆ ಹರಿವು ಎಲ್ಲಿಗೋ ಒಯ್ಯುತ್ತದೆ. ಪಂಪು ನೀರೆಳೆಯುವ ಬಾಯಿಗೆ ಸ್ಪಂಜು ಕಟ್ಟುವುದನ್ನು ಮರೆಯಬೇಡಿ. ಆಮೇಲೆ ಅವು ವಾರಗಟ್ಟಲೆ ಕಣ್ಣಿಗೆ ಬೀಳದಿರಬಹುದು, ಏಕೆಂದರೆ ಅವು ರಾತ್ರಿ ತಿರುಗುವ ಜೀವಿಗಳು. ಸತ್ತವೆಂದು ತಿಳಿದು ನಡುವೆ ಬೇರೇನನ್ನಾದರೂ ತಂದು ಹಾಕುವುದೇ ಎಲ್ಲರೂ ಮಾಡುವ ತಪ್ಪು.

ನೀಲಿಅಲೆ:

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಕ್ಯಾಮೆಲ್ ಸೀಗಡಿಗಳು ಎರಡನೆಯ ರಾತ್ರಿ ಬಾಟಲಿಗೆ ಸಿಕ್ಕಿದವು. ಹವಳವಿಲ್ಲದ, ಮೀನು ಮಾತ್ರ ಇರುವ ತೊಟ್ಟಿಯವರೊಬ್ಬರಿಗೆ ಕೊಟ್ಟೆ. ಅದಾದ ಒಂದು ವಾರಕ್ಕೆ ಆರು ಬರ್ಗಿಯಾ ಬಿಟ್ಟೆ. ಚಪ್ಪಟೆ ಹುಳುಗಳು ನಾಲ್ಕು ಬಾರಿ ಹೀರಿದ ಮೇಲೆ ಅಲ್ಲೊಂದು ಇಲ್ಲೊಂದು ಉಳಿದಿವೆ. ಆದರೆ ಐಪ್ಟೇಸಿಯಾ ಮೊದಲಿನಷ್ಟೇ ಇವೆ, ಬರ್ಗಿಯಾ ಒಂದೂ ಕಂಡಿಲ್ಲ. ಹಿಂಬದಿಯ ಗಾಜಿನ ಮೇಲೆ ಬಿಳಿ ದಾರವನ್ನು ಸುರುಳಿ ಸುತ್ತಿ ಅಂಟಿಸಿದಂತೆ ಏನೋ ಒಂದು ಕಾಣುತ್ತಿದೆ, ಅಂಗಿಯ ಗುಂಡಿಯಷ್ಟು ಅಗಲ. ಇದು ಇನ್ನೊಂದು ಪೀಡೆಯೇ? ಕೆರೆದು ತೆಗೆಯಲೇ?

ಹಳೇಹವಳ:

ದಯವಿಟ್ಟು ಕೆರೆಯಬೇಡಿ! ಅದು ಬರ್ಗಿಯಾದ ಮೊಟ್ಟೆಗಳ ಸುರುಳಿ. ನಿಮ್ಮ ಉಷ್ಣಾಂಶದಲ್ಲಿ ಸುಮಾರು 12 ದಿನಕ್ಕೆ ಮರಿಯಾಗುತ್ತವೆ. ಮೊದಲು ಮಾಯವಾಗುವುದು ಮರಿಗಳ ಬಾಯಿಗೆ ನಿಲುಕುವ ಸಣ್ಣ ಐಪ್ಟೇಸಿಯಾಗಳೇ. ಇನ್ನೊಂದು ಮಾತು: ಹಿಂಬದಿಯ ಫಿಲ್ಟರ್ ಕೋಣೆಯನ್ನು ನೋಡಿದ್ದೀರಾ?

ನೀಲಿಅಲೆ:

ನೋಡಿದೆ. ಮುಚ್ಚಳ ತೆಗೆದರೆ ಗೋಡೆಯ ಮೇಲೆ ಹತ್ತಾರು ಐಪ್ಟೇಸಿಯಾ, ಅಲ್ಲಿ ದೀಪದ ಬೆಳಕು ಸೋರುವ ಕಡೆಯೆಲ್ಲ. ಈ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಹಳೇಹವಳ:

ಅಲ್ಲಿಂದಲೇ ಅವು ಮತ್ತೆ ಮತ್ತೆ ಮುಂದಕ್ಕೆ ಬರುತ್ತವೆ. ಆ ಕೋಣೆಯಲ್ಲಿ ಹವಳವಾಗಲಿ ಕಲ್ಲಾಗಲಿ ಇಲ್ಲದ ಕಾರಣ ಕೈಯಿಂದಲೇ ಶುಚಿ ಮಾಡಬಹುದು. ಪಂಪು ನಿಲ್ಲಿಸಿ, ಕೋಣೆಗೂ ತೊಟ್ಟಿಗೂ ನಡುವಿನ ದಾರಿಯನ್ನು ಸ್ಪಂಜಿನಿಂದ ಮುಚ್ಚಿ, ಒಳಗಿನ ನೀರನ್ನೆಲ್ಲ ಬಕೆಟ್ಟಿಗೆ ಹೀರಿ ತೆಗೆದು, ಗೋಡೆಗಳನ್ನು ಕೆರೆದು, ಚೂರುಗಳೊಂದಿಗೆ ಆ ನೀರನ್ನು ಚೆಲ್ಲಿಬಿಡಿ. ಅದಷ್ಟನ್ನು ನೀರು ಬದಲಾವಣೆಯ ಲೆಕ್ಕಕ್ಕೆ ಹಿಡಿಯಿರಿ. ಪಂಪನ್ನು ವಿನೆಗರ್ ಬೆರೆಸಿದ ಸಿಹಿನೀರಿನಲ್ಲಿ ಓಡಿಸಿ, ಚೆನ್ನಾಗಿ ತೊಳೆದು ಮತ್ತೆ ಇಡಿ. ಬ್ಯಾಕ್ಟೀರಿಯಾ ನೆಲೆಸಿದ ಫಿಲ್ಟರ್ ಸಾಮಗ್ರಿಗೆ ಮಾತ್ರ ವಿನೆಗರ್ ಸೋಕಿಸಬೇಡಿ. ಕೋಣೆಗೆ ಬೆಳಕು ಸೋರದಂತೆ ಹಿಂದಿನಿಂದ ಕಪ್ಪು ಹಾಳೆ ಅಂಟಿಸಿ.

ನೀಲಿಅಲೆ:

ಬರ್ಗಿಯಾ ಬಿಟ್ಟು ಇಂದಿಗೆ 11 ವಾರ. ಕಳೆದ ವಾರ ರಾತ್ರಿ ಒಂದೂವರೆ ಗಂಟೆಗೆ ಕೆಂಪು ಟಾರ್ಚಿನಲ್ಲಿ ಕೊನೆಗೂ ಕಂಡೆ: ಅತಿ ದೊಡ್ಡ ಐಪ್ಟೇಸಿಯಾದ ಬುಡದಲ್ಲಿ ಮೂರು ಬರ್ಗಿಯಾಗಳು ತಲೆ ಹುದುಗಿಸಿ ನಿಂತಿದ್ದವು, ಬೆನ್ನಿನ ಕುಚ್ಚುಗಳು ನೀರಿನ ಹರಿವಿಗೆ ಅಲುಗುತ್ತಿದ್ದವು. ಬೆಳಿಗ್ಗೆ ಅಲ್ಲಿ ಅನಿಮೋನಿನ ಬದಲು ಲೋಳೆಯಂತಹ ಒಂದು ಎಳೆ ಮಾತ್ರ ಇತ್ತು. ಈಗ ಕಣ್ಣಿಗೆ ಕಾಣುವ ಐಪ್ಟೇಸಿಯಾ ಎರಡೇ. ಜೋವಾಂಥಸ್ ಗುಂಪಿನ ಅಂಚಿನಲ್ಲಿ ನಾಲ್ಕು ಹೊಸ ಮೊಗ್ಗುಗಳು ಬಂದಿವೆ. ಆಹಾರ ಮುಗಿದ ಮೇಲೆ ಬರ್ಗಿಯಾಗಳ ಗತಿಯೇನು?

ಹಳೇಹವಳ:

ಐಪ್ಟೇಸಿಯಾ ಇಲ್ಲದಿದ್ದರೆ ಅವು ಬದುಕುವುದಿಲ್ಲ. ಬೇರೆ ಆಹಾರಕ್ಕೆ ಒಗ್ಗಿಸಲು ಸಾಧ್ಯವಿಲ್ಲ. ಆ ಎರಡು ಉಳಿದಿರುವಾಗಲೇ ರಾತ್ರಿ ಡ್ರಾಪರಿನಿಂದ ಹೀರಿ ಹಿಡಿದು, ಅಗತ್ಯವಿರುವ ಇನ್ನೊಬ್ಬರಿಗೆ ಕೊಡಿ. ಎಲ್ಲವನ್ನೂ ಹಿಡಿಯಬೇಡಿ, ಎರಡನ್ನು ಬಿಡಿ. ಕಲ್ಲಿನ ಒಳಸಂದಿಯಲ್ಲಿ ನಮಗೆ ಕಾಣದ್ದು ಅವಕ್ಕೆ ಸಿಗುತ್ತದೆ. ಮುಂದೆ ತರುವ ಹವಳವನ್ನು ಮಾತ್ರ ಬುಡದ ತುಂಡಿನಿಂದ ಬಿಡಿಸಿ, ಕೆಲವು ವಾರ ಬೇರೆ ನೀರಿನಲ್ಲಿಟ್ಟು ನೋಡಿಯೇ ಒಳಗೆ ಬಿಡಿ.

ಉಪ್ಪಿನಕಲ್ಲು:

ನೀಲಿಅಲೆ ಅವರೇ, ಹಿಡಿದ ಬರ್ಗಿಯಾಗಳನ್ನು ನನಗೆ ಕೊಡುವಿರಾ? ನನ್ನ ತೊಟ್ಟಿಯಲ್ಲಿ ಪೂರ್ತಿ ಮುಗಿದಿದೆ ಎಂದಿದ್ದೆನಲ್ಲ, ಇವತ್ತು ಫಿಲ್ಟರ್ ಕೋಣೆಯ ಮುಚ್ಚಳ ತೆಗೆದು ನೋಡಿದೆ. ಸೀಗಡಿಗಳನ್ನು ಮೊದಲು ಬೇರೆ ತೊಟ್ಟಿಗೆ ಸಾಗಿಸುತ್ತೇನೆ.